ಕರುಳಿನಲ್ಲಿ ಮುಚ್ಚದೆ ಉಳಿದ ಬಾಗಿಲು

ಬೇಸಿಗೆ ಕಾಲಿಟ್ಟರೆ ಉದಗೀರ, ನಿಲಂಗಾ, ಉಮರ್ಗಾ ಸೀಮೆಯ ಮನೆಗಳಲ್ಲಿ ಉಪ್ಪಿನಕಾಯಿಯ ಸಡಗರ ಆರಂಭವಾಗುತ್ತದೆ. ಮಾವಿನಕಾಯಿಯನ್ನು ತೊಳೆದು, ಒಣಬಟ್ಟೆಯಿಂದ ಒರೆಸಿ, ಹೋಳು ಮಾಡಿ, ಉಪ್ಪು ಬೆರೆಸಿ ಭರಣಿಗೆ ತುಂಬುತ್ತಾರೆ. ಒಂದು ಹನಿ ನೀರೂ ಸೋಕಬಾರದೆಂಬ ಎಚ್ಚರಿಕೆ ಮನೆಯ ಹಿರಿಯರದು. ಆದರೂ ಮರುದಿನ ಮುಚ್ಚಳ ತೆಗೆದು ನೋಡಿದರೆ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ, ಹೋಳುಗಳು ಮುದುಡಿರುತ್ತವೆ. ಅದೇ ಅಡುಗೆಮನೆಯಲ್ಲಿ ರಾತ್ರಿ ನೀರಿಗೆ ಹಾಕಿಟ್ಟ ಒಣದ್ರಾಕ್ಷಿ ಬೆಳಗಾಗುವಷ್ಟರಲ್ಲಿ ಉಬ್ಬಿ ನುಣುಪಾಗಿರುತ್ತದೆ. ಒಂದು ತನ್ನ ನೀರನ್ನು ಬಿಟ್ಟುಕೊಟ್ಟಿತು, ಮತ್ತೊಂದು ಹೊರಗಿನ ನೀರನ್ನು ಒಳಗೆ ಸೆಳೆದುಕೊಂಡಿತು. ಎರಡೂ ಕಡೆ ಯಾರೂ ಹಿಂಡಲಿಲ್ಲ, ಯಾವ ಯಂತ್ರವೂ ಓಡಲಿಲ್ಲ.

ಈ ಸಂಗತಿಯೇ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಪಾಠವಾಗಿ ಬರುತ್ತದೆ. ಕನ್ನಡದ ಪುಸ್ತಕಗಳು ಇದನ್ನು ಅಭಿಸರಣ ಎನ್ನುತ್ತವೆ. ಪಕ್ಕದ ಮನೆಯ ಮರಾಠಿ ಮಾಧ್ಯಮದ ಮಗು ಇದನ್ನೇ ಪರಾಸರಣ ಎಂದು ಓದುತ್ತದೆ. ಗಡಿಯ ಮಕ್ಕಳಿಗೆ ಎರಡು ಹೆಸರುಗಳೂ ಕಿವಿಗೆ ಬೀಳುವುದರಿಂದ ಅವೆರಡೂ ಒಂದೇ ಎಂದು ಪಾಲಕರು ಒಮ್ಮೆ ಹೇಳಿಬಿಡುವುದು ಒಳ್ಳೆಯದು. ಪರೀಕ್ಷೆಗೆಂದು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಈ ಪಾಠಕ್ಕೆ ಮತ್ತೊಂದು ಮುಖವಿದೆ. ವಾಂತಿಭೇದಿಯಿಂದ ಸೊರಗಿದ ಮಗುವನ್ನು ಉಳಿಸುವ ಅತ್ಯಂತ ಅಗ್ಗದ ಔಷಧ ಈ ಪಾಠದಿಂದಲೇ ಹುಟ್ಟಿತು.

ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳುವಾದ ಪೊರೆ ಸುತ್ತುವರಿದಿದೆ. ಅದರ ದಪ್ಪ 5ರಿಂದ 10 ನ್ಯಾನೊಮೀಟರ್. ಒಂದು ಮಿಲಿಮೀಟರಿನಷ್ಟು ದಪ್ಪವಾಗಬೇಕಾದರೆ ಇಂತಹ ಪೊರೆಗಳನ್ನು ಲಕ್ಷಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಒಂದರ ಮೇಲೊಂದು ಜೋಡಿಸಬೇಕು. ಪೊರೆಯ ಮುಖ್ಯ ದ್ರವ್ಯ ಕೊಬ್ಬಿನ ಜಾತಿಯದು. ಕೊಬ್ಬಿನ ಕಣಗಳು ಎರಡು ಸಾಲಾಗಿ, ನೀರನ್ನು ಒಲ್ಲದ ಬಾಲಗಳನ್ನು ಒಳಮುಖವಾಗಿಟ್ಟು ನಿಂತಿವೆ ಎಂಬುದನ್ನು 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಸೂಚಿಸಿದರು. ಆ ಕೊಬ್ಬಿನ ನಡುನಡುವೆ ಪ್ರೋಟೀನುಗಳು ತೇಲುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು. ಇಂದಿನ ಪಠ್ಯಪುಸ್ತಕಗಳಲ್ಲಿ ಬರೆಯಿಸುವ ಆಕೃತಿಯ ಮೂಲ ಅದೇ. ಗೋಡೆ ಕೊಬ್ಬಿನದು, ಬಾಗಿಲುಗಳು ಪ್ರೋಟೀನಿನವು ಎಂದು ತಿಳಿದರೆ ಮುಂದಿನದೆಲ್ಲ ಸುಲಭ.

ಕೆಲವು ವಸ್ತುಗಳಿಗೆ ಬಾಗಿಲೇ ಬೇಕಿಲ್ಲ. ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಕೊಬ್ಬಿನ ಗೋಡೆಯಲ್ಲಿಯೇ ನುಸುಳಿ ಹೋಗುತ್ತವೆ. ಶ್ವಾಸಕೋಶದ ಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಅಲ್ಲಿಗೆ ಬರುವ ರಕ್ತದಲ್ಲಿ ಕಡಿಮೆ. ಆದ್ದರಿಂದ ಅದು ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ತಾನಾಗಿ ಹರಡುತ್ತದೆ. ಇದು ವಿಸರಣ. ಊದಿನಕಡ್ಡಿಯ ಪರಿಮಳ ಜಗುಲಿಯಿಂದ ಪಡಸಾಲೆಗೆ ಬರುವುದೂ ಹೀಗೆಯೇ, ಗಾಳಿಯ ಸೆಳವು ಅದಕ್ಕೆ ಸ್ವಲ್ಪ ನೆರವಾಗುತ್ತದೆ ಅಷ್ಟೆ. ನೀರು ಹೀಗೆ ಪೊರೆಯ ಮೂಲಕ ಸಾಗುವುದನ್ನು ಅಭಿಸರಣ ಎಂದು ಪ್ರತ್ಯೇಕವಾಗಿ ಕರೆಯುತ್ತಾರೆ. ಉಪ್ಪು ಅಥವಾ ಸಕ್ಕರೆ ಎಲ್ಲಿ ದಟ್ಟವಾಗಿದೆಯೋ ಅತ್ತ ನೀರು ಸರಿಯುತ್ತದೆ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ನೀರು ಒಳನುಗ್ಗಿ ಪೊರೆ ಉಬ್ಬಿ ನಿಂತಿತು. ಉಪ್ಪಿನಕಾಯಿಯ ಭರಣಿಯಲ್ಲಿ ಕಾಣುವುದು ಅದರ ಮತ್ತೊಂದು ರೂಪ.

ನೀರು ಕೊಬ್ಬಿನ ಗೋಡೆಯನ್ನು ದಾಟುವುದು ನಿಧಾನ. ಹಾಗಿದ್ದರೆ ಮೂತ್ರಪಿಂಡದಂತಹ ಅಂಗಗಳು ಅಷ್ಟೊಂದು ನೀರನ್ನು ಬೇಗಬೇಗನೆ ಹೇಗೆ ಸಾಗಿಸುತ್ತವೆ ಎಂಬುದು ಬಹುಕಾಲ ಒಗಟಾಗಿತ್ತು. ರಕ್ತಕಣಗಳ ಬೇರೊಂದು ಸಂಶೋಧನೆಯಲ್ಲಿ ತೊಡಗಿದ್ದ ಅಮೆರಿಕೆಯ ಪೀಟರ್ ಆಗ್ರೆಗೆ ಅಕಸ್ಮಾತ್ತಾಗಿ ದೊರೆತ ಒಂದು ಪ್ರೋಟೀನು ನೀರಿಗೆಂದೇ ಇರುವ ಕಿರುಗಾಲುವೆಯೆಂದು 1992ರಲ್ಲಿ ಸಿದ್ಧವಾಯಿತು. ಅದರ ಹೆಸರು ಅಕ್ವಾಪೋರಿನ್. ಇಂತಹ ಒಂದೇ ಕಾಲುವೆಯಲ್ಲಿ ಒಂದು ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲಾಗಿ ದಾಟಬಲ್ಲವು. ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಇಷ್ಟು ವೇಗದ ಸಾಗಣೆಗೂ ಕೋಶ ತನ್ನ ಶಕ್ತಿಯನ್ನು ವ್ಯಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಕಾಲುವೆಯಿದ್ದರೂ ನೀರು ಹರಿಯುವುದು ಇಳಿಜಾರಿನತ್ತಲೇ. ಇವೆಲ್ಲ ನಿಷ್ಕ್ರಿಯ ಸಾಗಣೆಯ ಲೆಕ್ಕಕ್ಕೆ ಸೇರಿದವು.

ಇಳಿಜಾರಿನಲ್ಲಿ ಹರಿಯುವುದಷ್ಟೇ ನಡೆದಿದ್ದರೆ ಎರಡೂ ಕಡೆಯ ಮಟ್ಟ ಒಂದಾಗಿ ಹರಿವು ನಿಂತುಬಿಡುತ್ತಿತ್ತು. ಜೀವಂತ ಕೋಶದಲ್ಲಿ ಹಾಗಾಗುವುದಿಲ್ಲ. ಕೋಶದ ಹೊರಗೆ ಸೋಡಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿರುತ್ತದೆ, ಪೊಟ್ಯಾಸಿಯಂ ಒಳಗೆ ಹೆಚ್ಚಿರುತ್ತದೆ. ಸೋಡಿಯಂ ಸದಾ ಒಳಕ್ಕೆ ಜಿನುಗುತ್ತಿದ್ದರೂ ಈ ಅಂತರ ಕೆಡುವುದಿಲ್ಲ. ಯಾರೋ ಒಬ್ಬರು ಹಗಲಿರುಳು ಅದನ್ನು ಹೊರಗೆ ಎತ್ತಿಹಾಕುತ್ತಿರಲೇಬೇಕು. ಹಾಗೆ ಎತ್ತಿಹಾಕುವ ಪಂಪನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಗುರುತಿಸಿದರು. ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ವ್ಯಯಿಸಿದಾಗಲೆಲ್ಲ ಈ ಪಂಪು 3 ಸೋಡಿಯಂಗಳನ್ನು ಹೊರದೂಡಿ 2 ಪೊಟ್ಯಾಸಿಯಂಗಳನ್ನು ಒಳಗೆ ತರುತ್ತದೆ. ಏನೂ ಮಾಡದೆ ಮಲಗಿರುವ ಮನುಷ್ಯನ ದೇಹ ಬಳಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲಾದರೂ ಈ ಪಂಪಿಗೇ ಸಲ್ಲುತ್ತದೆ. ಸ್ಕೌ ಅವರಿಗೆ ನೊಬೆಲ್ ಬಂದದ್ದು ನಲವತ್ತು ವರ್ಷಗಳ ಮೇಲೆ, 1997ರಲ್ಲಿ. ಇದು ಸಕ್ರಿಯ ಸಾಗಣೆ.

ಎರಡರ ಭೇದ ತಿಳಿಯಲು ಮರಾಠವಾಡದ ಮಕ್ಕಳು ದೂರ ಹೋಗಬೇಕಾಗಿಲ್ಲ. ಬೋರಿನ ಮೋಟಾರು ನೀರನ್ನು ಮಾಳಿಗೆಯ ಟಾಕಿಗೆ ಏರಿಸುವುದಕ್ಕೆ ಕರೆಂಟು ಬೇಕು. ಟಾಕಿಯಿಂದ ನಳಕ್ಕೆ ಇಳಿಯುವುದಕ್ಕೆ ಬೇಡ. ಊರಿನ ಶುದ್ಧ ನೀರಿನ ಘಟಕದಿಂದ ಮನೆಗೆ ಬರುವ ಜಾರಿನ ನೀರಿನಲ್ಲಿಯೂ ಈ ಪಾಠ ಅಡಗಿದೆ. ಸವುಳು ನೀರು ಒಂದು ಕಡೆ, ಸಿಹಿನೀರು ಮತ್ತೊಂದು ಕಡೆ, ನಡುವೆ ಪೊರೆ ಇಟ್ಟರೆ ಸಹಜವಾಗಿ ಸಿಹಿನೀರೇ ಸವುಳಿನತ್ತ ಹೋಗಬೇಕು. ಅದನ್ನು ತಡೆದು ಸವುಳಿನಿಂದಲೇ ಸಿಹಿನೀರನ್ನು ಹಿಂಡಿ ತೆಗೆಯಲು ಘಟಕದಲ್ಲಿ ಪಂಪು ಒತ್ತಡ ಹಾಕುತ್ತದೆ. ಆರ್‌ಒ ಎಂದು ಎಲ್ಲರೂ ಕರೆಯುವ ಆ ಎರಡಕ್ಷರದ ಅರ್ಥ ಹಿಮ್ಮುಖ ಅಭಿಸರಣ ಎಂದೇ. ಜಾರಿಗೆ ಕೊಡುವ ಹಣದಲ್ಲಿ ಒಂದು ಪಾಲು ಪ್ರಕೃತಿಯ ಇಳಿಜಾರಿಗೆ ಎದುರಾಗಿ ಹೋದುದರ ಕೂಲಿ.

ಮನುಷ್ಯನ ಕರುಳಿನಲ್ಲಿ ಮಾತ್ರ ಈ ಎರಡು ಬಗೆಯ ಸಾಗಣೆಗಳು ಕೈಕೈ ಹಿಡಿದು ನಡೆಯುತ್ತವೆ. ದಿನವೊಂದಕ್ಕೆ ಕುಡಿದ ನೀರು, ಉಂಡ ಅನ್ನದ ನೀರು, ಜೊಲ್ಲು, ಜಠರರಸ, ಪಿತ್ತ ಎಲ್ಲ ಸೇರಿ 8ರಿಂದ 9 ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಗೆ ಹೋಗುವುದು ಅದರಲ್ಲಿ 200 ಮಿಲಿಲೀಟರಿಗಿಂತ ಕಡಿಮೆ. ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಸೇರುತ್ತದೆ. ಆದರೆ ನೀರನ್ನು ಹಿಡಿದೆಳೆಯುವ ಪಂಪು ದೇಹದಲ್ಲಿ ಎಲ್ಲಿಯೂ ಇಲ್ಲ. ಕರುಳಿನ ಕೋಶ ಮಾಡುವುದು ಒಂದು ಉಪಾಯ: ಉಪ್ಪನ್ನು ಸಾಗಿಸುತ್ತದೆ, ನೀರು ತಾನಾಗಿ ಅದರ ಹಿಂದೆ ಬರುತ್ತದೆ.

ಆ ಉಪಾಯದ ಒಂದು ಮುಖ್ಯ ಭಾಗವನ್ನು ಅಮೆರಿಕೆಯ ರಾಬರ್ಟ್ ಕ್ರೇನ್ 1960ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ವಿವರಿಸಿದರು. ಕರುಳಿನ ಒಳಮೈಗೆ ಮುಖ ಮಾಡಿದ ಪೊರೆಯಲ್ಲಿ ಒಂದು ಬಾಗಿಲಿದೆ. ಸೋಡಿಯಂ ಒಂದೇ ಬಂದರೆ ಅದು ದಾರಿ ಕೊಡದು, ಗ್ಲೂಕೋಸ್ ಒಂದೇ ಬಂದರೂ ಕೊಡದು. ಎರಡು ಸೋಡಿಯಂಗಳೂ ಒಂದು ಗ್ಲೂಕೋಸೂ ಜೊತೆಯಾಗಿ ಬಂದರೆ ಮೂವರನ್ನೂ ಒಳಗೆ ಬಿಡುತ್ತದೆ. ಕೋಶದ ಬೆನ್ನ ಕಡೆಯಿರುವ ಸ್ಕೌ ಅವರ ಪಂಪು ಸೋಡಿಯಂ ಅನ್ನು ಸತತವಾಗಿ ರಕ್ತದ ಕಡೆಗೆ ಹೊರಹಾಕುತ್ತಿರುವುದರಿಂದ ಕೋಶದೊಳಗೆ ಅದರ ಮಟ್ಟ ತಗ್ಗಿರುತ್ತದೆ. ಆ ತಗ್ಗಿಗೆ ಇಳಿಯುವ ಸೋಡಿಯಂ, ಗ್ಲೂಕೋಸನ್ನೂ ತನ್ನೊಡನೆ ಎಳೆದುಕೊಂಡು ಬರುತ್ತದೆ. ಬಾಗಿಲು ತಾನು ಎಟಿಪಿಯನ್ನು ಸುಡುವುದಿಲ್ಲ; ಬೆನ್ನ ಹಿಂದಿನ ಪಂಪು ಸುಟ್ಟದ್ದರ ಫಲವನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಇದನ್ನು ಪೂರ್ತಿ ನಿಷ್ಕ್ರಿಯವೆನ್ನಲೂ ಬಾರದು, ನೇರವಾಗಿ ಸಕ್ರಿಯವೆನ್ನಲೂ ಬಾರದು. ಪುಸ್ತಕಗಳು ದ್ವಿತೀಯಕ ಸಕ್ರಿಯ ಸಾಗಣೆ ಎಂಬ ತೂಕದ ಹೆಸರಿಟ್ಟಿವೆ. ಸೋಡಿಯಂ ಮತ್ತು ಗ್ಲೂಕೋಸ್ ರಕ್ತಕ್ಕೆ ದಾಟಿದ ಮೇಲೆ ನೀರು ಅಭಿಸರಣದಿಂದ ಹಿಂಬಾಲಿಸುತ್ತದೆ.

ಈಗ ಕಾಲರಾ ರೋಗದ ಮಾತು. ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತದೆಂದೂ ಆ ವಿಷವೇ ಕರುಳಿನಿಂದ ನೀರನ್ನು ಹೊರಹರಿಸುತ್ತದೆಂದೂ 1959ರಲ್ಲಿ ತೋರಿಸಿಕೊಟ್ಟವರು ಕಲಕತ್ತೆಯ ಶಂಭುನಾಥ ಡೇ. ಅವರ ಪ್ರಯೋಗ ನಡೆದದ್ದು ಮೊಲದ ಕರುಳಿನ ಮೇಲೆ, ಸಾಮಾನ್ಯ ಸಲಕರಣೆಗಳಿಂದ. ವಿಷವು ಕರುಳಿನ ಕೋಶದ ಕ್ಲೋರೈಡ್ ಕಾಲುವೆಗಳನ್ನು ತೆರೆದೇ ಇಡುತ್ತದೆ ಎಂಬುದು ಆಮೇಲೆ ತಿಳಿದುಬಂತು. ಕ್ಲೋರೈಡ್ ಹೊರಗೆ ಹರಿಯುತ್ತದೆ, ಸೋಡಿಯಂ ಅದನ್ನು ಹಿಂಬಾಲಿಸುತ್ತದೆ, ನೀರು ಎರಡನ್ನೂ ಹಿಂಬಾಲಿಸುತ್ತದೆ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ದೇಹದಿಂದ ಹೋಗಬಲ್ಲದು. ಬರಿಯ ನೀರು ಕುಡಿಸಿದರೆ ಅದನ್ನು ಒಳಗೆಳೆಯುವ ಬಲವಿಲ್ಲ. ಬರಿಯ ಉಪ್ಪುನೀರನ್ನೂ ಕರುಳು ಸಾಕಷ್ಟು ಹೀರದು. ಆದರೆ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯ ಬಾಗಿಲಿಗೆ ಆ ವಿಷ ಕೈಹಚ್ಚುವುದಿಲ್ಲ. ಸಾವಿನ ಅಂಚಿನಲ್ಲಿರುವ ರೋಗಿಯಲ್ಲಿಯೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ನೀರಿಗೆ ತಕ್ಕ ಪ್ರಮಾಣದಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ಕೂಡಿಸಿ ಕೊಟ್ಟರೆ ಆ ಒಂದು ಬಾಗಿಲಿನಿಂದಲೇ ಮನುಷ್ಯನನ್ನು ಬದುಕಿಸಬಹುದು.

ಕಲಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ 1953ರಷ್ಟು ಹಿಂದೆಯೇ ಬಾಯಿಯ ಮೂಲಕ ದ್ರವ ಕೊಟ್ಟು ಕಾಲರಾ ರೋಗಿಗಳನ್ನು ಗುಣಪಡಿಸಿದ ವರದಿಯನ್ನು ಪ್ರಕಟಿಸಿದ್ದರು. ಲೋಕ ಅದನ್ನು ಗಮನಿಸಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅಳತೆಯ ದ್ರಾವಣವನ್ನು ಕುಡಿಸಿ, ರಕ್ತನಾಳಕ್ಕೆ ಹಾಕುವ ಸಲೈನಿನ ಅಗತ್ಯವನ್ನು ಶೇ. 80ರಷ್ಟು ಇಳಿಸಬಹುದೆಂದು ತೋರಿಸಿದರು. ಆದರೂ ಅದು ಆಸ್ಪತ್ರೆಯಲ್ಲಿ, ನುರಿತ ಕೈಗಳಲ್ಲಿ ನಡೆದ ಪ್ರಯೋಗ. ಹೊರಗೆ, ಜನಸಾಮಾನ್ಯರ ಕೈಯಲ್ಲಿ ಇದು ನಡೆದೀತೆಂದು ನಂಬಿದವರು ಕಡಿಮೆ.

ಆ ನಂಬಿಕೆ ಬದಲಾದದ್ದು 1971ರಲ್ಲಿ. ಬಾಂಗ್ಲಾದೇಶದ ವಿಮೋಚನಾ ಯುದ್ಧದಿಂದ ತಪ್ಪಿಸಿಕೊಂಡ ಲಕ್ಷಾಂತರ ಜನರು ಪಶ್ಚಿಮ ಬಂಗಾಳದ ಗಡಿ ದಾಟಿ ಬಂದರು. ಗಡಿಯ ಊರಾದ ಬನಗಾಂವದ ಚಿಕ್ಕ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಒತ್ತೊತ್ತಾಗಿ ಮಲಗಿದ್ದರು. ವಾಂತಿ ಮತ್ತು ಮಲದ ನಡುವೆ ಮೊಣಕಾಲೂರಿಯೇ ಚಿಕಿತ್ಸೆ ಮಾಡಬೇಕಾಗಿತ್ತು. ಅಲ್ಲಿಗೆ ಬಂದ ಮಕ್ಕಳ ವೈದ್ಯ ದಿಲೀಪ ಮಹಾಲನಬಿಸ್ ಅವರ ಬಳಿ ಸಲೈನ್ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಅವರು ಕಲಕತ್ತೆಯ ಸಂಶೋಧನಾ ಕೇಂದ್ರದಲ್ಲಿ ಗ್ಲೂಕೋಸ್, ಅಡುಗೆಯ ಉಪ್ಪು ಮತ್ತು ಅಡುಗೆ ಸೋಡಾ ತೂಗಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಸಿ ತರಿಸಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ, ಇಷ್ಟೇ. ಡ್ರಮ್ಮುಗಳಲ್ಲಿ ಕಲಸಿದ ಆ ನೀರನ್ನು ರೋಗಿಗಳಿಗೆ ಕುಡಿಸಿದವರು ಬಹುಮಟ್ಟಿಗೆ ಅವರವರ ಬಂಧುಗಳೇ. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಮಹಾಲನಬಿಸ್ 2022ರ ಅಕ್ಟೋಬರ್ ತಿಂಗಳಲ್ಲಿ ತೀರಿಕೊಂಡರು. ದೇಶ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಿದ್ದು ಅವರು ತೀರಿಕೊಂಡ ಮೇಲೆ, 2023ರಲ್ಲಿ.

ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ, ಒಂದು ಕೋಟಿಗೂ ಮಿಕ್ಕಿದ ಮನೆಗಳ ತಾಯಂದಿರಿಗೆ ಉಪ್ಪು ಮತ್ತು ಬೆಲ್ಲದ ನೀರು ಕಲಸುವುದನ್ನು ಕಲಿಸಿತು. ಅಲ್ಲಿ ಒಂದು ಒಳ್ಳೆಯ ಕಟ್ಟಳೆಯಿತ್ತು: ಕಲಿಸಿದವಳಿಗೆ ಸಿಗುವ ಹಣ, ಕಲಿತ ತಾಯಂದಿರು ಕೆಲವು ದಿನಗಳ ಮೇಲೆ ಎಷ್ಟನ್ನು ನೆನಪಿನಲ್ಲಿಟ್ಟುಕೊಂಡಿದ್ದಾರೆ ಎಂಬುದನ್ನು ಅವಲಂಬಿಸಿತ್ತು. ಪಾಠವನ್ನು ಅವರಾಡುವ ಮಾತಿನಲ್ಲಿ, ಅವರದೇ ಪಾತ್ರೆಯಲ್ಲಿ ಮಾಡಿ ತೋರಿಸದೆ ಗತ್ಯಂತರವಿರಲಿಲ್ಲ.

ಲಾತೂರು ಜಿಲ್ಲೆಯ ಜನರಿಗೆ ನೀರಿನ ಅಭಾವದ ಪರಿಚಯ ಮಾಡಿಕೊಡಬೇಕಾಗಿಲ್ಲ. 2016ರ ಏಪ್ರಿಲ್ 12ರಂದು ಮೀರಜಿನಿಂದ 5 ಲಕ್ಷ ಲೀಟರ್ ನೀರು ಹೊತ್ತ ರೈಲು ಲಾತೂರನ್ನು ಮುಟ್ಟಿದ್ದನ್ನು ಉದಗೀರದವರೂ ಮರೆತಿಲ್ಲ. ನೀರು ಕಡಿಮೆಯಾದಷ್ಟೂ ಟ್ಯಾಂಕರಿನಲ್ಲಿ ಬಂದದ್ದನ್ನು, ಬಹುದಿನ ಕೂಡಿಟ್ಟದ್ದನ್ನು ಕುಡಿಯುವುದು ಹೆಚ್ಚುತ್ತದೆ, ಕೈತೊಳೆಯುವುದು ಕಡಿಮೆಯಾಗುತ್ತದೆ. ಬಳಿಕ ಮೊದಲ ಮಳೆಗೆ ಕೊಳಕು ನೀರು ಬಾವಿಗೆ ಸೇರುತ್ತದೆ. ವಾಂತಿಭೇದಿಯ ಕಾಲ ಇದೇ. ಕಾಲರಾ ಇಂದು ಅಪರೂಪವಾದರೂ ಮಕ್ಕಳ ಸಾಮಾನ್ಯ ಭೇದಿಗೂ ಮದ್ದು ಅದೇ ಬಾಗಿಲು.

ಇಲ್ಲಿ ಅಳತೆಯೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಓಆರ್‌ಎಸ್ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತವೆ. ಮಹಾಲನಬಿಸ್ ಅವರ ಕಾಲದ್ದಕ್ಕಿಂತ ಇದು ತಿಳಿ. ಹೆಚ್ಚು ಸಿಹಿಯಾದರೆ ಹೆಚ್ಚು ಬಲ ಎಂಬ ಭಾವನೆ ತಪ್ಪು. ಬಾಗಿಲು ಹೀರಿಕೊಳ್ಳಲಾರದಷ್ಟು ಸಕ್ಕರೆ ಕರುಳಿನಲ್ಲಿ ಉಳಿದರೆ ಅದು ಉಪ್ಪಿನಕಾಯಿಯ ಉಪ್ಪಿನಂತೆ ದೇಹದ ನೀರನ್ನೇ ಹೊರಗೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಅಂಗಡಿಯ ತಂಪು ಪಾನೀಯದಲ್ಲಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆಯಿರುತ್ತದೆ. ಭೇದಿಯಾದ ಮಗುವಿಗೆ ಅದನ್ನು ಕೊಡುವುದು ಉಪಕಾರವಲ್ಲ. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರನ್ನು ಹಚ್ಚಕೂಡದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ಎಂದು ಓದಿ ನೋಡಬೇಕು. ಈ ಕೆಲಸವನ್ನು ಮನೆಯ ಶಾಲಾ ಮಕ್ಕಳಿಗೇ ಒಪ್ಪಿಸಬಹುದು.

ಉಪ್ಪು ಹೆಚ್ಚಾದರೆ ಅದು ಇನ್ನೂ ಕೆಟ್ಟದ್ದು. ರಕ್ತದಲ್ಲಿ ಸೋಡಿಯಂ ಏರಿ, ಮೆದುಳಿನ ಕೋಶಗಳಿಂದ ನೀರು ಹೊರಬಂದು ಮಗುವಿಗೆ ಫಿಟ್ಸ್ ಬರುವ ಭಯವಿದೆ. ಚಿಟಿಕೆ, ಮುಷ್ಟಿ ಎಂಬ ಅಳತೆ ಕೈಯಿಂದ ಕೈಗೆ ಬದಲಾಗುವುದರಿಂದ ಚಮಚವೇ ಮೇಲು. ಪೊಟ್ಟಣ ಸಿಗದ ಹೊತ್ತಿನಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚವನ್ನು ಗುಪ್ಪೆ ಮಾಡದೆ ಸಮತಟ್ಟಾಗಿ ಗೀರಿ ಹಾಕಬೇಕು. 6 ಚಮಚ ಸಕ್ಕರೆ ಸುಮಾರು 25 ಗ್ರಾಂ ತೂಗುತ್ತದೆ. ಸೂತ್ರದಲ್ಲಿರುವುದು 13.5 ಗ್ರಾಂ ಅಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ನಮ್ಮ ಸಕ್ಕರೆಯ ಪ್ರತಿ ಅಣುವೂ ಕರುಳಿನಲ್ಲಿ ಒಡೆದು ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಆಗುತ್ತದೆ. ಆ ಬಾಗಿಲಿಗೆ ಬೇಕಾದದ್ದು ಗ್ಲೂಕೋಸ್ ಮಾತ್ರ, ಅಂದರೆ ಸಕ್ಕರೆಯ ಅರ್ಧ. ಲೆಕ್ಕ ಸರಿಹೋಗುತ್ತದೆ. ಉಪ್ಪು ಹಾಕಿದ ಅಕ್ಕಿಯ ಗಂಜಿಯೂ ಇದೇ ಕಾರಣಕ್ಕೆ ನಡೆಯುತ್ತದೆ. ಗಂಜಿಯ ಪಿಷ್ಟ ಜೀರ್ಣವಾಗಿ ಗ್ಲೂಕೋಸನ್ನು ನಿಧಾನವಾಗಿ ಒದಗಿಸುತ್ತ ಹೋಗುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕೆ ದೊಡ್ಡವರಿಗೆ 100ರಿಂದ 200 ಮಿಲಿಲೀಟರ್ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚದಿಂದ ನಿಧಾನವಾಗಿ ಕೊಡಬೇಕು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಸತುವಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ 14 ದಿನ ಕೊಡುವುದುಂಟು: ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20. ಮಗು ಕುಡಿಯಲಾರದೆ ಹೋದರೆ, ಮಂಕಾಗಿ ಮಲಗಿದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಮರಳಿದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ದವಾಖಾನೆಗೆ ಒಯ್ಯಬೇಕು. ದಾರಿಯುದ್ದಕ್ಕೂ, ಮಗು ಕುಡಿಯುವಷ್ಟು ಕಾಲ, ಕುಡಿಸುತ್ತಲೇ ಇರಬೇಕು. ಕಲಸಿದ ದ್ರಾವಣ 24 ಗಂಟೆಗಳ ಮೇಲೆ ಉಳಿದರೆ ಚೆಲ್ಲಿ, ಹೊಸದಾಗಿ ಕಲಸಿಕೊಳ್ಳಬೇಕು.